ನೋಡುವವನು ಯಾರು?

ಬೀದಿಯಲ್ಲಿ ನಿಂತಿರುತ್ತೇವೆ. ದೂರದಲ್ಲಿ ಬಸ್ಸು ಕಾಣುತ್ತದೆ. ಅದರ ನೆತ್ತಿಯ ಮೇಲಿನ 7 ಎಂಬ ಅಂಕೆಯನ್ನು ಓದಿ, ನಮ್ಮದೇ ಬಸ್ಸೆಂದು ತಿಳಿದು, ಕೈಯೆತ್ತುತ್ತೇವೆ. ಇದೆಲ್ಲವೂ ಕಣ್ಣಿನ ಕೆಲಸವೆಂದು ನಮ್ಮ ಭಾವನೆ. ವಿಚಾರಿಸಿ ನೋಡಿದರೆ ಕಣ್ಣು ಬರಿಯ ಬಾಗಿಲು, ನೋಡುವವನು ಒಳಗಿದ್ದಾನೆ. ಆತನೇ ಮೆದುಳು.

ಬೆಳಕು ಕಣ್ಣಿನ ಮಸೂರದ ಮೂಲಕ ಹಾದು ಅಕ್ಷಿಪಟಲದ ಮೇಲೆ ಬೀಳುತ್ತದೆ. ಅಲ್ಲಿನ ಜೀವಕೋಶಗಳು ಅದನ್ನು ಸೂಕ್ಷ್ಮವಾದ ವಿದ್ಯುತ್ ಸಂಕೇತಗಳನ್ನಾಗಿ ಮಾರ್ಪಡಿಸುತ್ತವೆ. ಸುಮಾರು ಹತ್ತು ಲಕ್ಷ ತಂತುಗಳುಳ್ಳ ದೃಷ್ಟಿನರವು ಆ ಸಂಕೇತಗಳನ್ನು ಮೆದುಳಿಗೆ ಒಯ್ಯುತ್ತದೆ. ಮೆದುಳಿನ ನಡುವೆ ಒಂದು ಠಾಣೆಯನ್ನು ದಾಟಿ ಅವು ತಲೆಯ ಹಿಂಬದಿಯಲ್ಲಿರುವ ದೃಷ್ಟಿಕ್ಷೇತ್ರವನ್ನು ಸೇರುತ್ತವೆ.

ಅಲ್ಲಿ ನಡೆಯುವುದೇನು? ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮೆದುಳನ್ನು ಪರೀಕ್ಷಿಸಿ 1959ರಲ್ಲಿ ಉತ್ತರವನ್ನು ಪ್ರಕಟಿಸಿದರು. ಒಂದು ಕೋಶವು ಅಡ್ಡಗೆರೆಗೆ ಎಚ್ಚರಗೊಂಡರೆ ಇನ್ನೊಂದು ಓರೆಗೆರೆಗೆ ಎಚ್ಚರಗೊಳ್ಳುತ್ತದೆ. ಅಕ್ಷರಗಳು ಕೂಡಿ ಪದವಾಗುವಂತೆ ಇಂತಹ ಗೆರೆಗಳು ಮುಂದಿನ ಕ್ಷೇತ್ರಗಳಲ್ಲಿ ಕೂಡಿ ಆಕಾರವಾಗುತ್ತವೆ. ಅಂಕೆಯ ಅರಿವಾದೊಡನೆ ಚಲನೆಯ ಕ್ಷೇತ್ರದಿಂದ ಆಜ್ಞೆ ಹೊರಟು, ಬೆನ್ನುಹುರಿಯ ಮಾರ್ಗವಾಗಿ ತೋಳಿನ ಸ್ನಾಯುಗಳನ್ನು ಮುಟ್ಟುತ್ತದೆ. ಆಗ ನಮ್ಮ ಕೈ ಏಳುತ್ತದೆ.

ಈ ಹಾದಿಗಳು ಬಳಕೆಯಿಂದಲೇ ಬಲಗೊಳ್ಳುತ್ತವೆ. ಅದೇ ವಿಜ್ಞಾನಿಗಳು ಬೆಕ್ಕಿನ ಮರಿಯೊಂದರ ಒಂದು ಕಣ್ಣನ್ನು ಹುಟ್ಟಿದ ಮೊದಲ ಕೆಲವು ತಿಂಗಳು ಮುಚ್ಚಿಟ್ಟರು. ತೆರೆದಾಗ ಕಣ್ಣಿನಲ್ಲಿ ದೋಷವಿರಲಿಲ್ಲ. ಆದರೂ ಅದರಿಂದ ಮರಿಗೆ ಏನೂ ಕಾಣಿಸಲಿಲ್ಲ. ಆ ಕಣ್ಣಿನ ಸಂಕೇತಗಳನ್ನು ಮೆದುಳು ಕೈಬಿಟ್ಟಿತ್ತು. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಇಂತಹ ಹಾನಿಯಾಗಲಿಲ್ಲ. ಇವರಿಬ್ಬರಿಗೂ 1981ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ನಮ್ಮ ದೇಶದಲ್ಲಿಯೂ ಇಂತಹ ಅಧ್ಯಯನ ನಡೆದಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದ, 8ರಿಂದ 17 ವರ್ಷದ ಐವರು ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪವನ್ ಸಿನ್ಹಾ ಮತ್ತು ಅವರ ಸಂಗಡಿಗರು 2011ರಲ್ಲಿ ತಿಳಿಸಿದಂತೆ, ಚಿಕಿತ್ಸೆಯಾದ ಹೊಸದರಲ್ಲಿ ಆ ಮಕ್ಕಳು ಕೈಯಿಂದ ಮುಟ್ಟಿ ಅರಿತ ವಸ್ತುವನ್ನು ಕಣ್ಣಿನಿಂದ ಗುರುತಿಸಲಾರದೆ ಹೋದರು. ತರುವಾಯ ಮತ್ತೆ ಪರೀಕ್ಷೆಗೊಳಗಾದ ಕೆಲವರು ಅದನ್ನು ಬಹುಮಟ್ಟಿಗೆ ಕಲಿತಿದ್ದರು. ನೋಡುವುದೂ ಒಂದು ವಿದ್ಯೆಯೇ!

ಇದರಿಂದ ನಾವು ತಿಳಿಯಬೇಕಾದುದೊಂದಿದೆ. ಮಕ್ಕಳಲ್ಲಿ ಒಂದು ಕಣ್ಣು ಮಸಕಾಗಿದ್ದರೆ ಮೆದುಳು ಅದನ್ನು ಕ್ರಮೇಣ ಮರೆಯತೊಡಗುತ್ತದೆ. ಎರಡನೆಯ ಕಣ್ಣು ಚೆನ್ನಾಗಿರುವುದರಿಂದ ಕೊರತೆಯು ತಿಳಿಯುವುದೇ ಇಲ್ಲ. ಆದುದರಿಂದ ಇಂದೇ ಒಂದೊಂದು ಕಣ್ಣನ್ನು ಮುಚ್ಚಿಕೊಂಡು ಕರಿಹಲಗೆಯನ್ನು ಓದಿ ನೋಡೋಣ. ಭೇದ ಕಂಡರೆ ನಾಚದೆ ತಂದೆತಾಯಿಗಳಿಗೂ ಗುರುಗಳಿಗೂ ಹೇಳೋಣ. ನಮ್ಮ ಮನೆಯ ಚಿಕ್ಕ ತಮ್ಮತಂಗಿಯರನ್ನೂ ಹೀಗೆಯೇ ಪರೀಕ್ಷಿಸೋಣ. ಚಿಕಿತ್ಸೆಯು ಎಷ್ಟು ಬೇಗ ಆರಂಭವಾದರೆ ಅಷ್ಟು ಹೆಚ್ಚು ಫಲ ದೊರೆಯುವುದು.