ನೆರಳು–ಬೆಳಕಿನ ಗಣನೆ: ವಿ. ಕೆ. ಮೂರ್ತಿಯವರ ಕನ್ನಡಿಯಿಂದ ಗ್ರಾಫಿಕ್ಸ್ ಯಂತ್ರದವರೆಗೆ

ಮುಂಬಯಿಯ ಹಿಂದೀ ಚಲನಚಿತ್ರಕ್ಕೆ ಕನ್ನಡಿಗರು ಸಲ್ಲಿಸಿದ ಕೊಡುಗೆಯನ್ನು ವಿವೇಚಿಸುವಾಗ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ (೧೯೨೩–೨೦೧೪) ಅವರ ಹೆಸರು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರ ‘ಕಾಗಜ್ ಕೆ ಫೂಲ್’ (೧೯೫೯) ಚಿತ್ರದ ಹಾಡೊಂದಕ್ಕಾಗಿ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಪ್ರತಿಫಲಿಸಿ, ಕತ್ತಲು ತುಂಬಿದ ಸ್ಟುಡಿಯೋದೊಳಗೆ ಬೆಳಕಿನ ಕೋಲನ್ನು ನಿಲ್ಲಿಸಿದರು. ಪ್ರಖರ ಬೆಳಕನ್ನೂ ಗಾಢ ನೆರಳನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕೆಂಬ ಈ ಸಮಸ್ಯೆಯೇ ಇಂದು ಗಣಕದ ಮುಂದೆ ಬೇರೊಂದು ರೂಪದಲ್ಲಿದೆ.

ದೃಶ್ಯವೊಂದರ ಅತ್ಯಂತ ಬೆಳಗಿದ ಭಾಗಕ್ಕೂ ಅತ್ಯಂತ ಕಪ್ಪಾದ ಭಾಗಕ್ಕೂ ಇರುವ ಅನುಪಾತವನ್ನು ‘ಡೈನಾಮಿಕ್ ರೇಂಜ್’ ಎನ್ನುತ್ತಾರೆ. ಕನ್ನಡದಲ್ಲಿ ‘ಬೆಳಕಿನ ವ್ಯಾಪ್ತಿ’ ಎನ್ನಬಹುದು. ಸಾಮಾನ್ಯ ವಿಡಿಯೋದಲ್ಲಿ ಪ್ರತಿಯೊಂದು ಮೂಲವರ್ಣಕ್ಕೆ ೮ ಬಿಟ್, ಎಂದರೆ ೨೫೬ ಮೆಟ್ಟಿಲುಗಳು. ವಿಶಾಲ ವ್ಯಾಪ್ತಿಯ ವಿಡಿಯೋದಲ್ಲಿ ಸಾಮಾನ್ಯವಾಗಿ ೧೦ ಬಿಟ್, ಎಂದರೆ ೧೦೨೪. ಅಂಥ ವಿಡಿಯೋವನ್ನು ಕಿರಿದಾದ ವ್ಯಾಪ್ತಿಯ ಪರದೆಗೆ ಹೊಂದಿಸುವ ಕ್ರಿಯೆಯೇ ‘ಟೋನ್ ಮ್ಯಾಪಿಂಗ್’.

ಇಲ್ಲಿಯ ತೊಡಕು ವೇಗದ್ದು. ೩೮೪೦×೨೧೬೦ ಅಳತೆಯ ಚೌಕಟ್ಟಿನಲ್ಲಿ ೮೨,೯೪,೪೦೦ ಬಿಂದುಗಳಿವೆ. ಸೆಕೆಂಡಿಗೆ ೨೪ ಚೌಕಟ್ಟುಗಳೆಂದರೆ ಸುಮಾರು ೧೯.೯ ಕೋಟಿ ಬಿಂದುಗಳ ಗಣನೆ. ಆದರೆ ಚೌಕಟ್ಟಿನ ಸರಾಸರಿ ಬೆಳಕು ಒಮ್ಮೆ ತಿಳಿದರೆ, ಸರಳ ವಿಧಾನಗಳಲ್ಲಿ ಪ್ರತಿಯೊಂದು ಬಿಂದುವಿನ ಲೆಕ್ಕವೂ ಉಳಿದವುಗಳಿಂದ ಸ್ವತಂತ್ರ. ಆದ್ದರಿಂದಲೇ ಅಸಂಖ್ಯ ಚಿಕ್ಕ ಗಣನಾಘಟಕಗಳುಳ್ಳ ಗ್ರಾಫಿಕ್ಸ್ ಪ್ರೊಸೆಸರ್ ಈ ಕೆಲಸಕ್ಕೆ ಒದಗುತ್ತದೆ. ಸರಾಸರಿಗೆ ಬೇಕಾದ ಮೊತ್ತವನ್ನೂ ಎರಡೆರಡು ಸಂಖ್ಯೆಗಳ ಜೋಡಿಗಳನ್ನು ಏಕಕಾಲಕ್ಕೆ ಕೂಡುತ್ತ ಹೋದರೆ ತಾತ್ತ್ವಿಕವಾಗಿ ೨೩ ಹಂತಗಳಲ್ಲಿ ಪಡೆಯಬಹುದು. ಆದರೆ ಮುಖ್ಯ ಸ್ಮೃತಿಗೂ ಗ್ರಾಫಿಕ್ಸ್ ಸ್ಮೃತಿಗೂ ನಡುವೆ ಚೌಕಟ್ಟುಗಳನ್ನು ಮತ್ತೆ ಮತ್ತೆ ಸಾಗಿಸಿದರೆ ಗಳಿಸಿದ ವೇಗ ಅಲ್ಲಿಯೇ ಕರಗಿಹೋಗುತ್ತದೆ. ಎಲ್ಲ ಹಂತಗಳನ್ನೂ ಒಂದೆಡೆ ಮುಗಿಸುವುದು ಲೇಸು.

ವೇಗವೊಂದೇ ಸಾಲದು. ಬೆಳಕಿನ ಕೋಲಿನೊಳಗೆ ಪಾತ್ರವೊಂದು ಕಾಲಿಟ್ಟ ಕೂಡಲೆ ಸರಾಸರಿ ಬದಲಾಗಿ, ಅಲುಗಾಡದ ಹಿನ್ನೆಲೆಯೂ ಮಿನುಗತೊಡಗುತ್ತದೆ. ಹಿಂದಿನ ಚೌಕಟ್ಟುಗಳ ಸರಾಸರಿಯನ್ನೂ ಬೆರೆಸಿ ಈ ದೋಷವನ್ನು ತಗ್ಗಿಸುತ್ತಾರೆ. ಇದಕ್ಕಿಂತ ಗಹನವಾದ ಪ್ರಶ್ನೆ ಬೇರೆ: ಬಚ್ಚಿಟ್ಟ ವಿವರವನ್ನೆಲ್ಲ ಹೊರತೆಗೆಯುವ ಸೂತ್ರವು ಮೂರ್ತಿಯವರು ಉದ್ದೇಶಪೂರ್ವಕವಾಗಿ ಉಳಿಸಿದ ಕತ್ತಲನ್ನೂ ಬೆಳಗಿಸಿಬಿಟ್ಟೀತು. ಆಗ ದೃಶ್ಯ ಸ್ಪಷ್ಟವಾಗುತ್ತದೆ, ಅದರ ಭಾವ ಅಳಿಯುತ್ತದೆ.

ಮೂರ್ತಿಯವರು ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಬಿಂದುಬಿಂದುವಿನ ಲೆಕ್ಕ ಯಂತ್ರದ್ದಾಗಬಹುದು. ಎಷ್ಟು ನೆರಳು ಉಳಿಯಬೇಕೆಂಬ ನಿರ್ಣಯವನ್ನು ಚಿತ್ರವನ್ನು ಅರಿತವರೇ ಮಾಡಬೇಕಾಗುತ್ತದೆ.