ಅತ್ತಿಗುಂಡಿ ಸುತ್ತಿನ ತೋಟಗಳಲ್ಲಿ ಕಾಫಿ ಕುಯ್ಲು: ಮಾಡಬೇಕಾದ್ದು, ಮಾಡಬಾರದ್ದು

ಕೈಮರ ದಾಟಿ ಗಿರಿ ಹತ್ತುವ ಈ ಇಳಿಜಾರಿನ ಮುಖ್ಯ ಬೆಳೆ ಅರೇಬಿಕಾ. ಹೂಮಳೆ ಕಂತುಕಂತಾಗಿ ಬೀಳುವುದರಿಂದ ಹಣ್ಣೂ ಒಟ್ಟಿಗೆ ಆಗುವುದಿಲ್ಲ; ಒಂದೇ ರೆಕ್ಕೆಯಲ್ಲಿ ಕೆಂಪು, ದೋರೆ, ಹಸಿರು ಮೂರೂ ಕೂತಿರುತ್ತವೆ. ಹಾಗಾಗಿ ಕುಯ್ಲೆಂದರೆ ನಾಲ್ಕು ಬೇರೆ ಬೇರೆ ಕೆಲಸ. ತೋಟದ ಇಂಗ್ಲಿಷಿನಲ್ಲಿ ಅವಕ್ಕೆ ನಾಲ್ಕು ಹೆಸರೂ ಇವೆ: ಫ್ಲೈ ಪಿಕಿಂಗ್, ಮೇನ್ ಪಿಕಿಂಗ್, ಸ್ಟ್ರಿಪ್ಪಿಂಗ್, ಗ್ಲೀನಿಂಗ್. ಬೆಳಗಿನ ಹಾಜರಿಯಲ್ಲಿ ಎಲ್ಲಕ್ಕೂ ‘ಇವತ್ತು ಪಿಕಿಂಗ್’ ಅಂದು ಮುಗಿಸುವ ಅಭ್ಯಾಸ ಈ ಕುಯ್ಲಿನಿಂದ ನಿಲ್ಲಬೇಕು. ಈ ಸೂಚನೆ ಆಳುಗಳಿಗಲ್ಲ. ಮಾಲೀಕರಿಗೆ, ರೈಟರಿಗೆ, ಮೇಸ್ತ್ರಿಗೆ.

ಮಾಡಬೇಕಾದ್ದು

ಇಂದು ಯಾವ ಸುತ್ತು ಎಂಬುದನ್ನು ಹಾಜರಿಯಲ್ಲೇ ಬಿಡಿಸಿ ಹೇಳಿ. ಫ್ಲೈ ಪಿಕಿಂಗ್ ಎಂದರೆ ಮುಂಚೆ ಹಣ್ಣಾದ ಕೆಂಪನ್ನಷ್ಟೇ ಆಯ್ದು ಬಿಡಿಸುವುದು. ಮೇನ್ ಪಿಕಿಂಗಿನಲ್ಲಿ ಗಿಡದ ಹೆಚ್ಚಿನ ಭಾಗ ಹಣ್ಣಾಗಿರುತ್ತದೆ, ಆದರೂ ಹಸಿರು ಗಿಡದಲ್ಲೇ ಉಳಿಯಬೇಕು. ಸ್ಟ್ರಿಪ್ಪಿಂಗ್ ಕೊನೆಯ ಸುತ್ತು: ಕಾಯಿ, ಹಣ್ಣು, ಒಣಗಿದ್ದು ನೋಡದೆ ಗಿಡ ಬರಿದು ಮಾಡುವುದು. ಗ್ಲೀನಿಂಗ್, ನೆಲಕ್ಕೆ ಬಿದ್ದದ್ದನ್ನು ಹೆಕ್ಕುವುದು.

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಈ ಹೆಸರು ಹೇಳಿದರೆ ಸಾಲದು. ಒಂದು ಗಿಡದ ಮುಂದೆ ನಿಲ್ಲಿಸಿ, ಯಾವುದು ಇಂದಿನದು, ಯಾವುದು ಮುಂದಿನ ಸುತ್ತಿನದು ಎಂದು ಬಿಡಿಸಿ ತೋರಿಸಿ. ಹಣ್ಣು ಹಿಚುಕಿದರೆ ಬೀಜ ಸಲೀಸಾಗಿ ಹೊರಗೆ ಹಾರಬೇಕು, ಅದೇ ಪರೀಕ್ಷೆ. ಇದಕ್ಕೆ ಯಾವ ಭಾಷೆಯೂ ಬೇಡ.

ಫ್ಲೈ ಪಿಕಿಂಗ್ ದಿನ ಕೂಲಿಯ ಲೆಕ್ಕ ಬದಲಾಯಿಸಿ. ಕೆ.ಜಿ. ಲೆಕ್ಕದಲ್ಲಿ ಹಣ ಕೊಟ್ಟು, ಆಯ್ದು ಕುಯ್ಯಿ ಎಂದು ಗದರುವುದು ಅನ್ಯಾಯ. ಆಯುವ ಕೈ ನಿಧಾನ, ಚೀಲ ತುಂಬುವುದೂ ನಿಧಾನ. ಆ ನಿಧಾನಕ್ಕೆ ದುಡ್ಡು ಕೊಡಬೇಕಾದವರು ನಾವು.

ಮಾಡಬಾರದ್ದು

‘ಪಿಕ್’ ಅಂದು ಸ್ಟ್ರಿಪ್ ಮಾಡಿಸಬೇಡಿ. ನಮ್ಮ ತೋಟಗಳಲ್ಲಿ ಅತಿ ಹೆಚ್ಚು ಹಾಳು ಆಗುತ್ತಿರುವುದು ಇಲ್ಲೇ. ಹಸಿರು ಕಾಯಿ ಪಲ್ಪರಿನಲ್ಲಿ ಸಿಪ್ಪೆ ಬಿಡುವುದಿಲ್ಲ. ಜಜ್ಜುತ್ತದೆ, ಇಲ್ಲವೇ ಹಾಗೇ ದಾಟಿ ಬಂದು ಪಾರ್ಚ್‌ಮೆಂಟಿನೊಳಗೆ ಸೇರುತ್ತದೆ. ಬಲಿಯದ ಬೀಜ ಒಂದಿಷ್ಟು ಸೇರಿದರೂ ಬಟ್ಟಲಿನಲ್ಲಿ ಒಗರು ಗೊತ್ತಾಗುತ್ತದೆ. ತಪ್ಪಿ ಬಂದ ಹಸಿರನ್ನು ಕಣದಲ್ಲಿ ಬೇರೆ ಮಾಡಿ ಚೆರಿಯಾಗಿ ಒಣಗಿಸಲೇಬೇಕು. ಎಂಟೊಂಬತ್ತು ತಿಂಗಳು ಗಿಡ ಹೊತ್ತ ಕಾಯನ್ನು ಕೊನೆಯ ಎರಡು ವಾರದ ಅವಸರಕ್ಕೆ ಬಲಿಕೊಡುವುದು ನನಗಂತೂ ಸಹಿಸಲಾಗದ ಸಂಗತಿ.

‘ಪ್ಲಕ್’ ಎಂಬ ಮಾತನ್ನು ಕಾಫಿ ಗಿಡದ ಹತ್ತಿರ ತರಬೇಡಿ. ಅದು ಕೆಳಗೂರಿನಂಥ ಟೀ ತೋಟದ ಮಾತು. ಅಲ್ಲಿ ಚಿಗುರನ್ನೇ ಚಿವುಟುತ್ತಾರೆ, ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಕಾಫಿಯಲ್ಲಿ ಮುಂದಿನ ವರ್ಷದ ಹೂ ಕೂರುವುದು ಈ ವರ್ಷ ಬೆಳೆದ ಹೊಸ ಗಿಣ್ಣುಗಳಲ್ಲಿ. ಹಣ್ಣಿನ ಜೊತೆ ರೆಕ್ಕೆಯ ತುದಿ ಕಿತ್ತು ಬಂದರೆ ಬರುವ ವರ್ಷದ ಫಸಲೂ ಕಿತ್ತು ಬಂದಂತೆ. ಬೆರಳಿನಿಂದ ಒಂದೊಂದೇ ತಿರುವಿ ಬಿಡಿಸಬೇಕು, ಎಳೆಯಬಾರದು.

ಗ್ಲೀನಿಂಗನ್ನು ಕಸದ ಕೆಲಸವೆಂದು ತಳ್ಳಿಬಿಡಬೇಡಿ. ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕಾಫಿ ನಾಡೆಲ್ಲ ಹಬ್ಬಿತು. ಕುಯ್ಲು ಮುಗಿದ ಮೇಲೆ ಆ ಪುಟ್ಟ ಕಪ್ಪು ಹುಳು ಮುಂದಿನ ಫಸಲಿನ ತನಕ ಬದುಕುವುದು ಗಿಡದಲ್ಲಿ ಬಿಟ್ಟ ಕಾಯಿಯಲ್ಲಿ, ನೆಲದಲ್ಲಿ ಬಿಟ್ಟ ಹಣ್ಣಿನಲ್ಲಿ. ನಿಮ್ಮ ತೋಟದಲ್ಲಿ ಹೆಕ್ಕದೆ ಬಿಟ್ಟದ್ದು ಬೇಲಿಯಾಚೆಯವರ ಕಾಯಿಯನ್ನೂ ಕೊರೆಯುತ್ತದೆ. ಮೊದಲೇ ಗಿಡದ ಬುಡಕ್ಕೆ ಚಾಪೆ ಹಾಸಿ ಕುಯ್ದರೆ ಹೆಕ್ಕುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಹೆಕ್ಕಿದ ಹಣ್ಣನ್ನು ಕುಯ್ದ ಹಣ್ಣಿನ ಚೀಲಕ್ಕೆ ಸುರಿಯಬೇಡಿ. ಹುಳು ಹೆಚ್ಚಿದ್ದರೆ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು, ಕಣದ ಬೇರೆ ಮೂಲೆಯಲ್ಲಿ ಒಣಗಿಸಿ. ಆ ಚೀಲಕ್ಕೂ ಪಿಕಿಂಗ್ ಅಂತ ಬರೆಯದೆ ‘ಹೆಕ್ಕಿದ್ದು’ ಎಂದೇ ಬರೆಸಿ.