ಆಟದ ವಿವರಣೆ ಯಾರ ಸೊತ್ತು?

ಆಟದ ಮೈದಾನವನ್ನು ಹೊಗಬೇಕಾದರೆ ಟಿಕೇಟು ಕೊಳ್ಳಬೇಕು. ಇದು ಎಲ್ಲರೂ ಬಲ್ಲ ಸಂಗತಿ. ಮನೆಯಲ್ಲಿ ಕುಳಿತು ಅದೇ ಆಟದ ವಿವರಣೆಯನ್ನು ಬಾನುಲಿಯಲ್ಲಿ ಆಲಿಸುವವನಾದರೋ ಚಿಕ್ಕಾಸನ್ನೂ ತೆರುವುದಿಲ್ಲ. ಹಾಗಿದ್ದರೂ ಅಮೆರಿಕದಲ್ಲಿ ಈ ವಿವರಣೆಯು ಬೆಲೆಬಾಳುವ ಸರಕಾಗಿ ಬೆಳೆದಿದೆ. ಅದು ಹೇಗೆಂಬುದನ್ನು ವಿಚಾರಿಸೋಣ.

ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಓಡುತ್ತಾರೆ. ಹೆಸರಿಗೂ ಆಟಕ್ಕೂ ನಂಟು ಅಷ್ಟಕ್ಕಷ್ಟೆ! 1934ರಲ್ಲಿ ಜಾರ್ಜ್ ರಿಚರ್ಡ್ಸ್ ಎಂಬಾತನು ಪೋರ್ಟ್ಸ್‌ಮತ್ ಎಂಬ ಊರಿನ ತಂಡವನ್ನು ಕೊಂಡು, ಡೆಟ್ರಾಯಿಟ್ ನಗರಕ್ಕೆ ತಂದು, ‘ಲಯನ್ಸ್’ ಎಂದು ಹೆಸರಿಟ್ಟನು. ಆತನು ಬಾನುಲಿ ಕೇಂದ್ರವೊಂದರ ಒಡೆಯನೂ ಆಗಿದ್ದನು. ಅದೇ ವರ್ಷದ ನವೆಂಬರಿನಲ್ಲಿ ಷಿಕಾಗೊ ಬೇರ್ಸ್ ತಂಡದೊಡನೆ ನಡೆದ ಹಬ್ಬದ ದಿನದ ಪಂದ್ಯವನ್ನು ಎನ್.ಬಿ.ಸಿ. ಜಾಲದ 94 ಕೇಂದ್ರಗಳು ದೇಶಕ್ಕೆಲ್ಲ ಕೇಳಿಸಿದವು. ಲಯನ್ಸ್ ಸೋತಿತು, ತಂಡದ ಹೆಸರು ಮಾತ್ರ ದೂರದೂರದವರ ಕಿವಿಗೂ ಬಿದ್ದಿತು. 1940ರ ಅಂತಿಮ ಪಂದ್ಯದ ಹಕ್ಕಿಗಾಗಿ ಮ್ಯೂಚುಯಲ್ ಎಂಬ ಬಾನುಲಿ ಸಂಸ್ಥೆಯು 2,500 ಡಾಲರುಗಳನ್ನು ತೆತ್ತಿತು. ಅಂದು ಬೇರ್ಸ್ ತಂಡವು ವಾಷಿಂಗ್‌ಟನ್ನಿನ ತಂಡವನ್ನು 73-0 ಅಂತರದಿಂದ ಮಣಿಸಿತು.

ಈಗ ಹಣದ ಹರಿವನ್ನು ಗಮನಿಸಿರಿ. ತಂಡವು ಹಕ್ಕನ್ನು ಕೇಂದ್ರಕ್ಕೆ ಮಾರುತ್ತದೆ. ಕೇಂದ್ರವು ಆಟದ ನಡುವಣ ಬಿಡುವುಗಳನ್ನು ಜಾಹೀರಾತುದಾರರಿಗೆ ಮಾರುತ್ತದೆ. ಅವರಾದರೋ ಆ ವೆಚ್ಚವನ್ನು ತಮ್ಮ ಸರಕಿನ ಬೆಲೆಯೊಳಗೆ ಸೇರಿಸುತ್ತಾರೆ. ಪುಕ್ಕಟೆಯಾಗಿ ಕೇಳಿದೆನೆಂದು ಹಿಗ್ಗುವ ಶ್ರೋತೃವು ಅಂಗಡಿಯಲ್ಲಿ ಸಾಬೂನು ಕೊಳ್ಳುವಾಗ ಅದರ ಬೆಲೆ ತೆರುತ್ತಾನೆ! ಕೆಲವೆಡೆ ತಂಡವೇ ಕೇಂದ್ರದಿಂದ ವೇಳೆಯನ್ನು ಕೊಂಡು, ಜಾಹೀರಾತುಗಳನ್ನು ತಾನೇ ಮಾರುವುದೂ ಉಂಟು. ವಿವರಣೆಕಾರನನ್ನು ತಂಡವೇ ನೇಮಿಸಿದಾಗ ಅವನ ಉತ್ಸಾಹ ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ.

ಆದರೆ ಕಣ್ಣಾರೆ ಕಂಡುದನ್ನು ಹೇಳಲು ಮತ್ತೊಬ್ಬರ ಅಪ್ಪಣೆಯೇಕೆ? ಈ ಪ್ರಶ್ನೆಯು 1938ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ, ಬೇಸ್‌ಬಾಲ್ ಆಟದ ವಿಷಯವಾಗಿ, ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿನ ತಂಡವು ವಿವರಣೆಯ ಹಕ್ಕನ್ನು ಬೇರೆಯವರಿಗೆ ಮಾರಿತ್ತು. ಕೆ.ಕ್ಯೂ.ವಿ. ಎಂಬ ಕೇಂದ್ರವು ಮೈದಾನದ ಹೊರಗೆ, ಆಟ ಕಾಣುವಂತಹ ಸ್ಥಳವೊಂದನ್ನು ಬಾಡಿಗೆಗೆ ಹಿಡಿದು, ಅಲ್ಲಿಂದ ತನ್ನ ಜನರು ನೋಡಿ ತಿಳಿಸಿದುದನ್ನು ಬಿತ್ತರಿಸತೊಡಗಿತು. ಆಟವನ್ನು ಏರ್ಪಡಿಸಿ, ಅದಕ್ಕಾಗಿ ಹಣ ವೆಚ್ಚಮಾಡಿದ ತಂಡಕ್ಕೆ ಆಟದ ಸುದ್ದಿಯ ಮೇಲೆ, ಆಟ ಮುಗಿದ ಬಳಿಕವೂ ತಕ್ಕಷ್ಟು ಹೊತ್ತಿನವರೆಗೆ, ಒಡೆತನವುಂಟೆಂದು ನ್ಯಾಯಾಲಯವು ಹೇಳಿ ಆ ಪ್ರಸಾರವನ್ನು ತಡೆಯಿತು. ‘ತಕ್ಕಷ್ಟು ಹೊತ್ತು’ ಎಂಬ ಮಾತಿನಲ್ಲಿಯೇ ಸ್ವಾರಸ್ಯವಿದೆ. ತಂಗಳು ಸುದ್ದಿ ಎಲ್ಲರ ಸೊತ್ತು. ಬಿಸಿಯಾಗಿರುವಾಗ ಮಾತ್ರ ಅದಕ್ಕೆ ಒಡೆಯನುಂಟು.

ಈ ಒಡೆತನವನ್ನು ತಂಡಗಳೆಲ್ಲ ಕೂಡಿ ಬೇಕಾದಂತೆ ಚಲಾಯಿಸಬಹುದೆ? 1953ರಲ್ಲಿ ಫುಟ್‌ಬಾಲ್ ಲೀಗಿನ ನಿರ್ಬಂಧಗಳನ್ನು ಪರಿಶೀಲಿಸಿದ ನ್ಯಾಯಾಧೀಶ ಗ್ರಿಮ್ ಅವರು, ತಂಡವು ತನ್ನೂರಿನಲ್ಲಿ ಆಡುವ ದಿನ ಹೊರಗಣ ಪಂದ್ಯಗಳನ್ನು ಅಲ್ಲಿ ಟೆಲಿವಿಷನ್ನಿನಲ್ಲಿ ತೋರಿಸದಿರಲು ಒಪ್ಪಿದರು. ಟಿಕೇಟು ಮಾರಾಟಕ್ಕೆ ಅದರಿಂದ ಧಕ್ಕೆಯಾಗುವುದೆಂಬುದು ಕಾರಣ. ಬಾನುಲಿಯ ಮೇಲೆ ಮಾತ್ರ ಅಂತಹ ತಡೆ ಸಲ್ಲದೆಂದು ತೀರ್ಪಿತ್ತರು.